ಪ್ರಣಯದ ಪಂಜರ: ತ್ರಿವೇಣಿಯವರ ಕಾದಂಬರಿಗಳ ಮರುಓದು

೧

ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದು ಇಡೀ ಸಾಹಿತ್ಯ ಪ್ರಕಾರಕ್ಕೆ ಒಬ್ಬ ಪ್ರಣಯಿನಿಯ ಹೆಸರಿದೆ. ಬಾಣಭಟ್ಟನ ಕಥಾನಾಯಿಕೆ ಕಾದಂಬರಿ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದನೆಯ ನಾಗವರ್ಮನು ಆಕೆಯ ಕಥೆಯನ್ನು ಚಂಪೂ ರೂಪದಲ್ಲಿ ಕನ್ನಡಕ್ಕೆ ತಂದನು. ಹತ್ತೊಂಬತ್ತನೆಯ ಶತಮಾನದಲ್ಲಿ ದೀರ್ಘ ಗದ್ಯಕಥನವೆಂಬ ಹೊಸ ಪ್ರಕಾರ ನಮ್ಮಲ್ಲಿ ತಲೆಯೆತ್ತಿದಾಗ ಅದಕ್ಕೆ ಒಪ್ಪುವ ಹೆಸರಾಗಿ ಉಳಿದುಕೊಂಡದ್ದು ಆಕೆಯ ಹೆಸರೇ. ಹೀಗಿದ್ದೂ, ಒಂದು ಕಾದಂಬರಿಯನ್ನು 'ಪ್ರಣಯ ಕಾದಂಬರಿ' ಎಂದು ಕರೆದರೆ ಅದು ನಮ್ಮ ವಿಮರ್ಶೆಯ ಪರಿಭಾಷೆಯಲ್ಲಿ ಹೊಗಳಿಕೆಯಾಗುವುದಿಲ್ಲ. ಗಂಭೀರ ಓದಿಗೆ ಇದು ತಕ್ಕುದಲ್ಲ, ಮಧ್ಯಾಹ್ನದ ಬಿಡುವಿನಲ್ಲಿ ಗೃಹಿಣಿಯರು ಓದುವಂಥದು ಎಂಬ ತೀರ್ಪು ಆ ಹೆಸರಿನೊಳಗೇ ಅಡಗಿದೆ.

ಈ ತೀರ್ಪಿಗೆ ಹೆಚ್ಚು ಕಾಲ ಗುರಿಯಾದವರಲ್ಲಿ ತ್ರಿವೇಣಿಯವರು ಪ್ರಮುಖರು. ಅವರು ಓದುಗರ ಪ್ರೀತಿಯನ್ನು ಪಡೆದಷ್ಟು ವಿಮರ್ಶಕರ ಗಮನವನ್ನು ಪಡೆಯಲಿಲ್ಲ. ಬಹಳ ಓದಿಸಿಕೊಂಡದ್ದೇ ಅವರ ಮೇಲಿನ ದೂರಾಯಿತೇನೋ ಎಂಬ ಅನುಮಾನಕ್ಕೂ ಕಾರಣವಿದೆ. ಪ್ರಸ್ತುತ ಲೇಖನದ ಉದ್ದೇಶ ಅವರನ್ನು 'ಶ್ರೇಷ್ಠ' ಎಂಬ ಪಂಕ್ತಿಯಲ್ಲಿ ತಂದು ಕೂರಿಸುವುದಲ್ಲ. ಪ್ರಣಯಕಥನವೆಂಬ ಒಂದು ಹಳೆಯ ಆಕೃತಿ ಕನ್ನಡದಲ್ಲಿ ಶತಮಾನಗಳಿಂದ ನಡೆದುಬಂದಿದೆ. ಅದನ್ನು ತ್ರಿವೇಣಿಯವರು ಕೈಗೆತ್ತಿಕೊಂಡಾಗ ಅದಕ್ಕೆ ಏನಾಯಿತು ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಈ ಲೇಖಕನ ಅಭ್ಯಾಸದ ಕ್ಷೇತ್ರ ಪ್ರಾಚೀನ ಮತ್ತು ಮಧ್ಯಕಾಲೀನ ಕಾವ್ಯ. ಆದುದರಿಂದ ಈ ಓದು ಆ ದಿಕ್ಕಿನಿಂದಲೇ ಹೊರಡುತ್ತದೆ.

೨

ಮೊದಲು ಜೀವನದ ವಿವರಗಳು. ತ್ರಿವೇಣಿ ಎಂಬುದು ಕಾವ್ಯನಾಮ. ಹೆಸರು ಅನಸೂಯಾ ಶಂಕರ್. ೧೯೨೮ರ ಸೆಪ್ಟೆಂಬರ್ ೧ರಂದು ಜನನ. ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರ ಸೋದರನ ಮಗಳು. ತಂಗಿ ಆರ್ಯಾಂಬಾ ಪಟ್ಟಾಭಿಯವರೂ ಕಾದಂಬರಿಗಾರ್ತಿ. 'ವಾಣಿ' ಎಂಬ ಹೆಸರಿನಿಂದ ಬರೆದ ಮತ್ತೊಬ್ಬ ಪ್ರಸಿದ್ಧ ಲೇಖಕಿಯೂ ಇದೇ ಬಂಧುವಲಯದವರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿ ೧೯೪೭ರಲ್ಲಿ ಪದವಿ ಪಡೆದರು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಶಂಕರ್ ಅವರೊಡನೆ ವಿವಾಹವಾಯಿತು. ಮೊದಲ ಕಾದಂಬರಿ 'ಅಪಸ್ವರ' ೧೯೫೩ರಲ್ಲಿ ಪ್ರಕಟವಾಯಿತು. ೧೯೬೩ರ ಜುಲೈ ೨೯ರಂದು, ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ, ಅವರು ತೀರಿಕೊಂಡರು. ಆಗ ಅವರಿಗೆ ೩೫ ತುಂಬಿರಲಿಲ್ಲ.

ಈ ಎರಡು ಇಸವಿಗಳ ನಡುವೆ ಇರುವುದು ಹತ್ತೇ ವರ್ಷ. ಅಷ್ಟರೊಳಗೆ ಸುಮಾರು ೨೦ ಕಾದಂಬರಿಗಳು, ಮೂರು ಕಥಾಸಂಕಲನಗಳು. ಲೆಕ್ಕ ಹಾಕಿದರೆ ವರ್ಷಕ್ಕೆ ಎರಡು ಪುಸ್ತಕಕ್ಕಿಂತ ಹೆಚ್ಚು. 'ಅಪಜಯ', 'ಕೀಲುಗೊಂಬೆ', 'ಸೋತು ಗೆದ್ದವಳು', 'ಬೆಕ್ಕಿನ ಕಣ್ಣು', 'ದೂರದ ಬೆಟ್ಟ', 'ಮುಚ್ಚಿದ ಬಾಗಿಲು', 'ಅವಳ ಮನೆ', 'ಹೂವು ಹಣ್ಣು', 'ಮುಕ್ತಿ', 'ಬೆಳ್ಳಿಮೋಡ', 'ಹಣ್ಣೆಲೆ ಚಿಗುರಿದಾಗ', 'ಶರಪಂಜರ' ಮುಂತಾದವು ಈ ಅವಧಿಯ ಕೃತಿಗಳು. ಇವುಗಳಲ್ಲಿ 'ಅವಳ ಮನೆ' ಮತ್ತು 'ಸಮಸ್ಯೆಯ ಮಗು' ಎಂಬ ಕಥಾಸಂಕಲನ ಪ್ರಶಸ್ತಿಗಳನ್ನು ಪಡೆದವು.

ಈ ಜೀವನವೃತ್ತಾಂತವನ್ನು ಬರೆಯುವವರಿಗೆ ಒಂದು ಪ್ರಲೋಭನೆಯಿದೆ. ಹೆರಿಗೆಯ ಆನಂತರದ ಮನೋವ್ಯಾಧಿಯನ್ನು ಕುರಿತು ಬರೆದ ಲೇಖಕಿ ಹೆರಿಗೆಯ ಆನಂತರ ಗತಿಸಿದರು. ಆದುದರಿಂದ ಬದುಕೇ ಕಾದಂಬರಿಯಾಯಿತು ಎಂದು ಬರೆದುಬಿಡುವುದು ಸುಲಭ. ಅನೇಕರು ಹಾಗೆ ಬರೆದೂ ಇದ್ದಾರೆ. ಆದರೆ ಅಲ್ಪಾಯುಷ್ಯವನ್ನು ಲೇಖಕಿಯ ಅಲಂಕಾರವಾಗಿಸುವುದು ಆಕೆಯ ದುಡಿಮೆಯನ್ನು ಮರೆಸುವ ಒಂದು ವಿಧಾನವೂ ಹೌದು. ಹತ್ತು ವರ್ಷಗಳಲ್ಲಿ ಇಷ್ಟು ಬರೆಯಬೇಕಾದರೆ ದಿನನಿತ್ಯದ ಶಿಸ್ತು ಬೇಕು, ಪ್ರಕಾಶಕರೊಡನೆ ವ್ಯವಹಾರ ಬೇಕು, ಓದುಗರ ನಾಡಿಯ ಅರಿವು ಬೇಕು. ತ್ರಿವೇಣಿ ವೃತ್ತಿಪರ ಕಾದಂಬರಿಗಾರ್ತಿ. ಅವರನ್ನು ದುರಂತ ನಾಯಿಕೆಯನ್ನಾಗಿ ನೋಡುವುದಕ್ಕಿಂತ ವೃತ್ತಿಪರರಾಗಿ ನೋಡುವುದು ಹೆಚ್ಚಿನ ಗೌರವ.

೩

ಅವರಿಗೆ ಓದುಗರು ದೊರೆತ ಸಂದರ್ಭವನ್ನೂ ಗಮನಿಸಬೇಕು. ಕನ್ನಡದಲ್ಲಿ ಹೆಂಗಸರು ಹೆಂಗಸರಿಗಾಗಿ ಬರೆಯುವ ಪರಂಪರೆ ಅವರಿಂದ ಆರಂಭವಾದುದಲ್ಲ. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ಅವರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿಯೇ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನೂ 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ನಡೆಸಿದ್ದರು. ಕೊಡಗಿನ ಗೌರಮ್ಮನವರ ಕಥೆಗಳು ಮೂವತ್ತರ ದಶಕದವು. ಆದರೆ ಇವರಿಬ್ಬರ ಓದುಗ ವಲಯ ಚಿಕ್ಕದು. ಸ್ವಾತಂತ್ರ್ಯಾನಂತರ ಹೈಸ್ಕೂಲು, ಕಾಲೇಜುಗಳಲ್ಲಿ ಕಲಿತು ಮದುವೆಯಾಗಿ ಮನೆಯಲ್ಲಿ ನಿಂತ ಹೆಣ್ಣುಮಕ್ಕಳ ಒಂದು ತಲೆಮಾರು ರೂಪುಗೊಂಡಿತು. ಅ.ನ. ಕೃಷ್ಣರಾಯರು ಮತ್ತು ಅವರ ಸಮಕಾಲೀನರು ಕಾದಂಬರಿಯನ್ನು ಮನೆಮನೆಯ ಪದಾರ್ಥವನ್ನಾಗಿ ಮಾಡಿದ್ದರು. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳು ಊರೂರಿನಲ್ಲಿ ತೆರೆದವು. ತ್ರಿವೇಣಿಯವರ ಕೃತಿಗಳು ಈ ದಾರಿಯಲ್ಲಿ ನಡೆದವು.

ಹೊರನಾಡಿನ ಕನ್ನಡಿಗರಿಗೆ ಇದು ಕೇವಲ ಚರಿತ್ರೆಯಲ್ಲ. ಮುಂಬಯಿ, ಪುಣೆ, ಮದರಾಸು, ದೆಹಲಿಗಳ ಕನ್ನಡ ಸಂಘಗಳ ಕಪಾಟುಗಳಲ್ಲಿ ಕೈಯಿಂದ ಕೈಗೆ ಹಾಯ್ದು ಬೆನ್ನು ಹರಿದು ಮತ್ತೆ ರಟ್ಟು ಕಟ್ಟಿಸಿಕೊಂಡ ಪುಸ್ತಕಗಳು ಯಾವುವು ಎಂದು ನೋಡಿದವರಿಗೆ ಈ ಮಾತು ತಿಳಿದಿದೆ. ನಮ್ಮ ತಾಯಿಯವರಿಗೆ ಸಂಘದ ಗ್ರಂಥಾಲಯದಿಂದ ಪುಸ್ತಕ ತಂದುಕೊಡುವ ಕೆಲಸ ಹುಡುಗನಾಗಿದ್ದ ನನ್ನದಾಗಿತ್ತು. ಕರಾರು ಒಂದೇ: ತ್ರಿವೇಣಿ ಸಿಕ್ಕರೆ ತಾ, ಓದಿದ್ದಾದರೂ ಸರಿಯೆ. ಮುಂದೆ ನಾನು ಸಂಶೋಧನೆಗೆ ತೊಡಗಿದಾಗ ಹಿರಿಯರೊಬ್ಬರು ಆ ಬಗೆಯ ಪುಸ್ತಕಗಳ ಮಾತು ಬಂದೊಡನೆ ನಕ್ಕು, ಅದು ನಮ್ಮ ಕೆಲಸವಲ್ಲ ಎಂದರು. ನಾನೂ ನಕ್ಕೆ. ಆ ನಗೆಗೆ ಈಗ ಉತ್ತರ ಹೇಳಬೇಕಾಗಿದೆ ಎಂಬುದು ಈ ಲೇಖನದ ಹಿಂದಿರುವ ಖಾಸಗಿ ಕಾರಣ.

ಆ ನಗೆಗೆ ಒಂದು ವಿಮರ್ಶಾ ಹಿನ್ನೆಲೆಯೂ ಇತ್ತು. ತ್ರಿವೇಣಿಯವರ ಬರವಣಿಗೆಯ ದಶಕವೇ ನವ್ಯ ಸಂವೇದನೆ ಕನ್ನಡದಲ್ಲಿ ಬಲಗೊಂಡ ದಶಕ. ಅವರು ತೀರಿಕೊಂಡ ಎರಡು ವರ್ಷಗಳಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' ಪ್ರಕಟವಾಯಿತು. ವ್ಯಕ್ತಿಯ ಅಂತರಂಗ, ಅನಾಥಪ್ರಜ್ಞೆ, ಭಾಷೆಯ ಬಿಗಿ ಇವುಗಳನ್ನು ಮಾನದಂಡವಾಗಿಸಿಕೊಂಡ ವಿಮರ್ಶೆಗೆ ಸರಳ ಗದ್ಯದಲ್ಲಿ ಮನೆಯ ಕಥೆ ಹೇಳುವ ಕಾದಂಬರಿಗಳು ಅಪ್ರಸ್ತುತವಾಗಿ ಕಂಡವು. ಇದರಲ್ಲಿ ಒಂದು ವಿಪರ್ಯಾಸವಿದೆ. ಮನಸ್ಸಿನ ಒಳಬಿರುಕುಗಳನ್ನು ನವ್ಯರು ತಮ್ಮ ಕ್ಷೇತ್ರವೆಂದು ಸಾರುವ ಮೊದಲೇ ಮನಶ್ಶಾಸ್ತ್ರದ ಪದವೀಧರೆಯೊಬ್ಬರು ಅದೇ ಕ್ಷೇತ್ರದಲ್ಲಿ ಉಳುಮೆ ಮಾಡುತ್ತಿದ್ದರು. ಆದರೆ ಅಲ್ಲಿಯ ಮನಸ್ಸು ಅಡುಗೆಮನೆಯಲ್ಲಿ ಇತ್ತು. ಎಂಬತ್ತರ ದಶಕದಿಂದೀಚೆಗೆ ವಿಜಯಾ ದಬ್ಬೆ ಮೊದಲಾದ ಲೇಖಕಿಯರು ಮಹಿಳಾ ಸಾಹಿತ್ಯವನ್ನು ಓದುವ ಬೇರೆ ಕ್ರಮವನ್ನು ತೋರಿಸಿಕೊಟ್ಟ ಮೇಲೆಯೇ ಈ ಕೊರತೆ ಸ್ವಲ್ಪಮಟ್ಟಿಗೆ ತುಂಬತೊಡಗಿತು.

೪

ಈಗ ಕೃತಿಗಳಿಗೆ ಬರಬಹುದು. ಹಳೆಯ ಪ್ರಣಯಕಾವ್ಯದ ಆಕೃತಿ ನಮಗೆಲ್ಲ ಪರಿಚಿತವಾದುದೇ. ನೇಮಿಚಂದ್ರನ 'ಲೀಲಾವತಿ'ಯಲ್ಲಿ ನಾಯಕ ನಾಯಿಕೆಯರು ಒಬ್ಬರನ್ನೊಬ್ಬರು ಕನಸಿನಲ್ಲಿ ಕಾಣುತ್ತಾರೆ, ವಿರಹಪಡುತ್ತಾರೆ, ಅಡೆತಡೆಗಳನ್ನು ದಾಟಿ ಕೂಡುತ್ತಾರೆ. 'ಕಾದಂಬರಿ'ಯಲ್ಲಿ ಈ ಆಕೃತಿ ಜನ್ಮಾಂತರಗಳಿಗೆ ಚಾಚಿಕೊಳ್ಳುತ್ತದೆ. ಅಚ್ಛೋದ ಸರೋವರದ ತಡಿಯಲ್ಲಿ ಮಹಾಶ್ವೇತೆ ಗತಿಸಿದ ಪುಂಡರೀಕನಿಗಾಗಿ ತಪಸ್ವಿನಿಯಾಗಿ ಕಾಯುತ್ತಾಳೆ. ಕಾದದ್ದಕ್ಕೆ ಫಲ ಸಿಗುತ್ತದೆ. ಕಾಯುವ ಹೆಣ್ಣು, ಬಂದೇ ಬರುವ ಗಂಡು: ಪ್ರಣಯಕಥನದ ಮೂಲ ಒಪ್ಪಂದವೆಂದರೆ ಇದು.

'ಬೆಳ್ಳಿಮೋಡ' ಈ ಒಪ್ಪಂದವನ್ನು ಅಕ್ಷರಶಃ ಸ್ವೀಕರಿಸಿ ಆರಂಭವಾಗುತ್ತದೆ. ಮಲೆನಾಡಿನ ತೋಟದ ಯಜಮಾನ ಸದಾಶಿವರಾಯರ ಒಬ್ಬಳೇ ಮಗಳು ಇಂದಿರಾ. ಆಕೆಯನ್ನು ಮದುವೆಯಾಗಲಿರುವ ಮೋಹನ ಮಾವನಾಗುವವರ ನೆರವಿನಿಂದ ಅಮೆರಿಕೆಗೆ ಓದಲು ಹೋಗುತ್ತಾನೆ. ಇಂದಿರಾ ಕಾಯುತ್ತಾಳೆ. ಈ ನಡುವೆ ಯಾರೂ ನಿರೀಕ್ಷಿಸದೆ ಆಕೆಯ ತಾಯಿ ಗಂಡುಮಗುವನ್ನು ಹೆರುತ್ತಾಳೆ, ತಾನು ತೀರಿಕೊಳ್ಳುತ್ತಾಳೆ. ಆಸ್ತಿಗೆ ಗಂಡು ವಾರಸುದಾರ ಬಂದನೆಂಬುದು ತಿಳಿಯುತ್ತಲೇ ಮೋಹನನ ಪ್ರೇಮ ತಣ್ಣಗಾಗುತ್ತದೆ. ಮುಂದೆ ಅವನು ಅಪಘಾತದಿಂದ ಹಾಸಿಗೆ ಹಿಡಿದಾಗ ಇಂದಿರೆಯೇ ಶುಶ್ರೂಷೆ ಮಾಡುತ್ತಾಳೆ. ಅವನ ಕಣ್ಣು ತೆರೆಯುತ್ತದೆ, ಮದುವೆಯಾಗೋಣ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ.

ಇಲ್ಲಿ ಎರಡು ಅಂಶಗಳಿವೆ. ಮೊದಲನೆಯದು, ವಿರಹಕ್ಕೆ ಕಾರಣವಾದುದು ಶಾಪವೂ ಅಲ್ಲ, ವಿಧಿಯೂ ಅಲ್ಲ; ಆಸ್ತಿ. ಹಳೆಯ ಕಾವ್ಯಗಳಲ್ಲಿ ನಾಯಿಕೆ ರಾಜಪುತ್ರಿ. ಆಕೆಯ ಹಿಂದೆ ಒಂದು ರಾಜ್ಯವಿದೆ. ಆದರೆ ಆ ರಾಜ್ಯಕ್ಕೂ ನಾಯಕನ ಪ್ರೇಮಕ್ಕೂ ಸಂಬಂಧವೇನು ಎಂದು ಕವಿ ಕೇಳುವುದಿಲ್ಲ. ತ್ರಿವೇಣಿ ಕೇಳುತ್ತಾರೆ. ಅವರ ಬರವಣಿಗೆಯ ದಶಕದ ನಡುವೆಯೇ, ೧೯೫೬ರಲ್ಲಿ, ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದಿತು. ಉಯಿಲು ಬರೆಯದೆ ಸತ್ತ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳೂ ಮಗನಿಗೆ ಸಮನಾಗಿ ಹಕ್ಕುದಾರಳಾದಳು. ಆದರೆ ಕಾಯಿದೆಯ ಲೆಕ್ಕ ಬೇರೆ, ಮದುವೆಯ ಲೆಕ್ಕ ಬೇರೆ. ಮೋಹನನಿಗೆ ತೋಟದಲ್ಲಿ ಪಾಲು ಸಾಲದು, ಇಡೀ ತೋಟ ಬೇಕು. ಒಂದು ಶಿಶುವಿನ ಜನನವೇ ಪ್ರೇಮದ ಪರೀಕ್ಷೆಯಾಗುವಂತೆ ಕಥೆಯನ್ನು ಹೆಣೆದುದರಲ್ಲಿ ಆ ಕಾಲದ ಮಧ್ಯಮ ವರ್ಗದ ವಿವಾಹದ ಬಗೆಗೆ ಯಾವ ಸಮಾಜಶಾಸ್ತ್ರೀಯ ಟಿಪ್ಪಣಿಗೂ ಕಡಿಮೆಯಲ್ಲದ ತಿಳಿವಳಿಕೆಯಿದೆ.

ಎರಡನೆಯದು ಅಂತ್ಯ. ಗಂಡು ಬಂದಿದ್ದಾನೆ, ಪಶ್ಚಾತ್ತಾಪ ಪಟ್ಟಿದ್ದಾನೆ. ಪ್ರಣಯಕಥನದ ನಿಯಮದಂತೆ ಇಲ್ಲಿ ಮಿಲನವಾಗಬೇಕು. ಓದುಗರೂ ಅದನ್ನೇ ಬಯಸುತ್ತಿದ್ದಾರೆ. ಲೇಖಕಿ ಅದನ್ನು ಕೊಡುವುದಿಲ್ಲ. ಇಂದಿರೆಯ ನಿರಾಕರಣೆಯಲ್ಲಿ ಪ್ರತೀಕಾರವಿಲ್ಲ ಎಂಬುದು ಮುಖ್ಯ. ಆಕೆ ಅವನಿಗೆ ಶುಶ್ರೂಷೆ ಮಾಡಿದ್ದಾಳೆ. ಅವಳಿಗೆ ಅವನ ಮೇಲೆ ಸಿಟ್ಟಿಲ್ಲ, ಗೌರವವಿಲ್ಲ ಅಷ್ಟೆ. ಮಹಾಶ್ವೇತೆಗೆ ಕಾಯುವುದೇ ಧರ್ಮ. ಇಂದಿರೆಗೆ ಕಾದದ್ದು ಸಾಕು ಎಂದು ತಿಳಿಯುವ ಹಕ್ಕಿದೆ. ಪ್ರಣಯ ಕಾದಂಬರಿಯೊಂದು ತನ್ನ ಪ್ರಕಾರದ ಮೂಲ ಒಪ್ಪಂದವನ್ನು ಹೀಗೆ ಕೊನೆಯ ಪುಟಗಳಲ್ಲಿ ಮುರಿದಾಗ ಅದನ್ನು ಸಿದ್ಧಮಾದರಿಯ ಕೃತಿ ಎಂದು ಪಕ್ಕಕ್ಕಿಡುವುದು ಹೇಗೆ?

೫

'ಶರಪಂಜರ'ವನ್ನು ಓದಲು ನಮ್ಮ ಆಲಂಕಾರಿಕರ ಒಂದು ಪಟ್ಟಿ ನೆರವಾಗುತ್ತದೆ. ವಿಪ್ರಲಂಭ ಶೃಂಗಾರದಲ್ಲಿ ಹತ್ತು ಅವಸ್ಥೆಗಳನ್ನು ಅವರು ಎಣಿಸುತ್ತಾರೆ: ಅಭಿಲಾಷೆ, ಚಿಂತೆ, ಸ್ಮೃತಿ, ಗುಣಕಥನ, ಉದ್ವೇಗ, ಪ್ರಲಾಪ, ಉನ್ಮಾದ, ವ್ಯಾಧಿ, ಜಡತೆ, ಮರಣ. ಉನ್ಮಾದ ಇವುಗಳಲ್ಲಿ ಏಳನೆಯದು. ಕಾವ್ಯದಲ್ಲಿ ಈ ಉನ್ಮಾದ ಪ್ರೇಮದ ತೀವ್ರತೆಗೆ ಸಾಕ್ಷಿ, ನಾಯಿಕೆಗೆ ಒಂದು ಶೋಭೆ. ಸಖಿಯರು ಶೈತ್ಯೋಪಚಾರ ಮಾಡುತ್ತಾರೆ. ಬಾಳೆಯೆಲೆ, ಶ್ರೀಗಂಧ, ತಾವರೆಯ ದಂಟು ಬರುತ್ತವೆ. ನಲ್ಲನು ಬಂದೊಡನೆ ಉನ್ಮಾದ ಇಳಿಯುತ್ತದೆ. ಅದರ ಗುರುತೂ ಉಳಿಯುವುದಿಲ್ಲ. ಆ ದಿನಗಳನ್ನು ಯಾರೂ ಆಕೆಗೆ ನೆನಪಿಸುವುದಿಲ್ಲ.

ಕಾವೇರಿಯ ಕಥೆ ಇದರ ತಲೆಕೆಳಗು. ಇಲ್ಲಿ ಪ್ರಣಯ ಮೊದಲೇ ಸಫಲವಾಗಿದೆ. ಮೆಚ್ಚಿದ ಸತೀಶನೊಡನೆ ಮದುವೆಯಾಗಿದೆ, ಮನೆಯಿದೆ, ಮಕ್ಕಳಿದ್ದಾರೆ. ಉನ್ಮಾದ ಬರುವುದು ವಿರಹದಿಂದಲ್ಲ. ಸಂಸಾರದ ನಡುವಿನಲ್ಲಿ, ಹೆರಿಗೆಯ ಆನಂತರ. ವೈದ್ಯಶಾಸ್ತ್ರ ಗುರುತಿಸಿರುವ, ಚಿಕಿತ್ಸೆಗೆ ಒಳಪಡುವ ಮನೋವ್ಯಾಧಿ ಇದು. ಚಿಕಿತ್ಸೆ ಫಲಿಸುತ್ತದೆ, ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಹಳೆಯ ಕಾವ್ಯ ಇಲ್ಲಿಗೆ ಮುಗಿಯುತ್ತಿತ್ತು. ತ್ರಿವೇಣಿಯವರ ನಿಜವಾದ ಕಥೆ ಇಲ್ಲಿಂದ ಆರಂಭವಾಗುತ್ತದೆ.

ಮನೆಗೆ ಬಂದವಳನ್ನು ಮನೆ ಒಪ್ಪುವುದಿಲ್ಲ. ಆಸ್ಪತ್ರೆಯಿಂದ ಬಂದವಳು ಎಂಬ ಹಣೆಪಟ್ಟಿ ಆಕೆಯ ಪ್ರತಿಯೊಂದು ಮಾತಿಗೂ ಅಂಟಿಕೊಳ್ಳುತ್ತದೆ. ನಕ್ಕರೆ ಅನುಮಾನ, ಅತ್ತರೆ ಅನುಮಾನ, ಸಿಟ್ಟಾದರಂತೂ ನಿಶ್ಚಯ. ಗಂಡನ ಮನಸ್ಸು ಬೇರೆಡೆಗೆ ಹೊರಳಿದೆ. ಅದನ್ನು ಆಕೆ ಗುರುತಿಸಿದರೆ ಅದೂ ಹುಚ್ಚಿನ ಲಕ್ಷಣವೆನಿಸುತ್ತದೆ. ಈ ಸೂಕ್ಷ್ಮವನ್ನು ಹಿಡಿದದ್ದು ಲೇಖಕಿಯ ದೊಡ್ಡ ಸಾಧನೆಯೆಂದು ನನ್ನ ಭಾವನೆ. ರೋಗಿಯ ಮಾತು ಸತ್ಯವಾಗಿದ್ದರೂ ಅದನ್ನು ಸತ್ಯವೆಂದು ಎಣಿಸಬೇಕಾದ ಹೊಣೆಯಿಂದ ಆಕೆಯ ರೋಗ ಉಳಿದವರನ್ನೆಲ್ಲ ಬಿಡುಗಡೆ ಮಾಡಿಬಿಡುತ್ತದೆ. ಕಡೆಗೆ ಆಕೆ ಮತ್ತೆ ಕುಸಿಯುತ್ತಾಳೆ. ಮೊದಲ ಸಲದ ಉನ್ಮಾದ ದೇಹದ್ದು, ಎರಡನೆಯದು ಸಮಾಜ ಕೊಟ್ಟದ್ದು. ಈ ಎರಡರ ನಡುವಿನ ವ್ಯತ್ಯಾಸವೇ ಕಾದಂಬರಿಯ ವಾದ.

ಶೀರ್ಷಿಕೆಯ ಬಗೆಗೆ ಒಂದು ಮಾತು. 'ಶರಪಂಜರ'ವೆಂದರೆ ಬಾಣಗಳ ಪಂಜರ. ನಾಲ್ಕೂ ಕಡೆಯಿಂದ ಚುಚ್ಚುವ ಮಾತುಗಳ ನಡುವೆ ಸಿಕ್ಕ ಹೆಣ್ಣು ಎಂಬ ಅರ್ಥವನ್ನು ಓದುಗರು ಸಹಜವಾಗಿ ಗ್ರಹಿಸಿದ್ದಾರೆ. ಆದರೆ ಈ ಪದಕ್ಕೆ ಪುರಾಣದಲ್ಲಿ ಇನ್ನೊಂದು ನೆಲೆಯಿದೆ. ಭಾಗವತದ ದಶಮಸ್ಕಂಧದಲ್ಲಿ, ದ್ವಾರಕೆಯ ಬ್ರಾಹ್ಮಣನೊಬ್ಬನಿಗೆ ಹುಟ್ಟಿದ ಮಕ್ಕಳೆಲ್ಲ ಹುಟ್ಟುತ್ತಲೇ ಇಲ್ಲವಾಗುತ್ತವೆ. ಮುಂದಿನ ಮಗುವನ್ನು ತಾನು ಕಾಪಾಡುವೆನೆಂದು ಅರ್ಜುನ ಪ್ರತಿಜ್ಞೆ ಮಾಡುತ್ತಾನೆ. ಹೆರಿಗೆಯ ಕೋಣೆಯ ಮೇಲೆ, ಕೆಳಗೆ, ಸುತ್ತಲೂ ಬಾಣಗಳನ್ನು ನೆಟ್ಟು ಶರಪಂಜರವನ್ನು ಕಟ್ಟುತ್ತಾನೆ. ಆದರೂ ಮಗು ಉಳಿಯುವುದಿಲ್ಲ. ಈ ಬಾರಿ ಅದರ ದೇಹವೂ ಕಾಣದಾಗುತ್ತದೆ. ಅಂದರೆ ಪುರಾಣದ ಶರಪಂಜರ ಸೂತಿಕಾಗೃಹದ ರಕ್ಷಣೆಗಾಗಿ ಕಟ್ಟಿದ್ದು. ಆ ರಕ್ಷಣೆಯ ಸೋಲಿನ ಕಥೆಯೂ ಅದೇ.

ಹೆರಿಗೆಯ ಕೋಣೆಯಿಂದ ಆರಂಭವಾಗುವ ದುರಂತಕ್ಕೆ ಈ ಹೆಸರನ್ನು ಇಡುವಾಗ ತ್ರಿವೇಣಿಯವರಿಗೆ ಈ ಪ್ರಸಂಗ ನೆನಪಿನಲ್ಲಿತ್ತೆಂದು ನಾನು ವಾದಿಸುವುದಿಲ್ಲ. ಶಬ್ದಕ್ಕೆ ಅದರದೇ ಆದ ಸ್ಮರಣೆಯಿರುತ್ತದೆ. ಅದನ್ನು ಓದುಗನು ಕೇಳಿಸಿಕೊಳ್ಳಬಹುದು. ಹಾಗೆ ಕೇಳಿಸಿಕೊಂಡಾಗ ಕಾದಂಬರಿಯ ಅರ್ಥ ಇನ್ನಷ್ಟು ಗಾಢವಾಗುತ್ತದೆ. ಕಾವೇರಿಯನ್ನು ಸುತ್ತುವರಿದ ಬಾಣಗಳನ್ನು ನೆಟ್ಟವರು ಶತ್ರುಗಳಲ್ಲ. ಗಂಡ, ಮನೆ, ಬಂಧುಬಳಗ, ನೆರೆಹೊರೆ ಇವು ಹೆಣ್ಣನ್ನು ಕಾಪಾಡುವುದಕ್ಕೆಂದೇ ಸಮಾಜ ಕಟ್ಟಿಕೊಟ್ಟ ಆವರಣ. ಕಾಪಾಡಬೇಕಾದ ಆವರಣವೇ ಚುಚ್ಚುವ ಪಂಜರವಾಗುವುದು ಈ ಕೃತಿಯ ದುರಂತ.

ಈ ಕಾದಂಬರಿ ಬಂದ ಕಾಲಕ್ಕೆ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇನ್ನೂ ಹೊಸದು. ಅದು ೧೯೫೪ರಲ್ಲಿ ಆರಂಭವಾಗಿತ್ತು. ಅದೂ ಅಲ್ಲಿಯ ಮಾನಸಿಕ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆದದ್ದು ೧೯೭೪ರಲ್ಲಿ. ಜನರ ಬಾಯಲ್ಲಿ ಮಾತ್ರ ಅದು ಬಹುಕಾಲ ಹುಚ್ಚಾಸ್ಪತ್ರೆಯೇ ಆಗಿತ್ತು. ಇಂದು ಅದೇ ಸಂಸ್ಥೆಯಲ್ಲಿ ಬಾಣಂತಿಯನ್ನು ಮಗುವಿನೊಡನೆಯೇ ಇರಿಸಿಕೊಂಡು ಚಿಕಿತ್ಸೆ ನೀಡುವ ಘಟಕವಿದೆ. ಚಿಕಿತ್ಸೆ ಎಷ್ಟು ಮುಂದುವರಿದಿದೆ ಎಂಬುದಕ್ಕೆ ಇದು ಸಾಕ್ಷಿ. ಗುಣವಾದವಳನ್ನು ಮನೆ ಹೇಗೆ ಬರಮಾಡಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಆಸ್ಪತ್ರೆ ಬಗೆಹರಿಸಲಾರದು. ಅದಕ್ಕಾಗಿಯೇ ಕಾದಂಬರಿ ಹಳೆಯದಾಗಿಲ್ಲ.

೬

'ಹಣ್ಣೆಲೆ ಚಿಗುರಿದಾಗ' ಕೃತಿಯ ಹೆಸರಿನಲ್ಲಿಯೂ ಇಂಥದೇ ಒಂದು ಜಾಣ್ಮೆಯಿದೆ. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತು ಎಂಬುದು ನಮ್ಮ ಗಾದೆ. ಅಲ್ಲಿ ಹಣ್ಣೆಲೆಗೆ ಉದುರುವುದೊಂದೇ ಗತಿ. ತ್ರಿವೇಣಿ ಅದನ್ನು ಚಿಗುರಿಸುತ್ತಾರೆ. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಮಾಲತಿ, ಸಂಪ್ರದಾಯವನ್ನು ಬಿಡಲೊಲ್ಲದ ಅವಳ ತಂದೆ: ಕಥೆಯ ಎರಡು ಧ್ರುವಗಳು ಇವು. ವಿಧವಾ ವಿವಾಹ ಕನ್ನಡ ಕಾದಂಬರಿಗೆ ಹೊಸ ವಸ್ತುವಲ್ಲ. ಆದರೆ ಇಲ್ಲಿ ಚಿಗುರಬೇಕಾದದ್ದು ಮಗಳ ಬದುಕು ಮಾತ್ರವಲ್ಲ, ವಯಸ್ಸಾದ ತಂದೆಯ ಮನಸ್ಸು ಕೂಡ. ಹಣ್ಣೆಲೆ ಎಂಬುದು ಯಾರು ಎಂಬ ಪ್ರಶ್ನೆಯನ್ನು ಶೀರ್ಷಿಕೆ ತೆರೆದಿಟ್ಟಿದೆ. ಸುಧಾರಣೆಯನ್ನು ಘೋಷಣೆಯಾಗಿಸದೆ ಒಬ್ಬ ಮುದುಕನ ಒಳಗಿನ ಬದಲಾವಣೆಯಾಗಿ ನೋಡಿದ್ದರಿಂದ ಈ ಕೃತಿಗೆ ವಾದಕ್ಕಿಂತ ಹೆಚ್ಚಿನ ಬೆಲೆ ಬಂದಿದೆ. 'ಬೆಕ್ಕಿನ ಕಣ್ಣು' ಮಲತಾಯಿಯ ಭಯದಲ್ಲಿ ಬೆಳೆದ ಮನಸ್ಸನ್ನೂ, 'ಹೂವು ಹಣ್ಣು' ಬಡತನದಿಂದ ವೇಶ್ಯಾವೃತ್ತಿಗೆ ತಳ್ಳಲ್ಪಟ್ಟ ತಾಯಿಯನ್ನೂ ಚಿತ್ರಿಸುತ್ತವೆ. ಈ ಎಲ್ಲ ಕೃತಿಗಳನ್ನು 'ಪ್ರಣಯ ಕಾದಂಬರಿ' ಎಂಬ ಒಂದೇ ಚೀಲಕ್ಕೆ ತುಂಬಿದವರು ಅವುಗಳನ್ನು ಓದಿದ್ದರೆ ಎಂಬುದು ಸಂಶಯ.

೭

ಇಷ್ಟು ಹೇಳಿದ ಮೇಲೆ ಮಿತಿಗಳನ್ನು ಮರೆಮಾಚುವುದು ವಿಮರ್ಶೆಯಾಗುವುದಿಲ್ಲ. ತ್ರಿವೇಣಿಯವರ ಗದ್ಯ ಸರಳ, ನೇರ. ಆದರೆ ಎಷ್ಟೋ ಕಡೆ ಸನ್ನಿವೇಶವೇ ನುಡಿಯುತ್ತಿರುವಾಗ ಲೇಖಕಿ ನಡುವೆ ಬಂದು ಪಾತ್ರದ ಮನಸ್ಸನ್ನು ವಿವರಿಸಿಬಿಡುತ್ತಾರೆ. ಮನಶ್ಶಾಸ್ತ್ರದ ವಿದ್ಯಾರ್ಥಿನಿ ಕಾದಂಬರಿಗಾರ್ತಿಯ ಕೈಯಿಂದ ಲೇಖನಿಯನ್ನು ಕಸಿದುಕೊಂಡಂತೆ ಅಲ್ಲೆಲ್ಲ ಭಾಸವಾಗುತ್ತದೆ. ವರ್ಷಕ್ಕೆ ಎರಡು ಪುಸ್ತಕದ ವೇಗಕ್ಕೆ ತೆತ್ತ ಬೆಲೆಯೂ ಇದೆ. ಆಕಸ್ಮಿಕಗಳು ಕಥೆಯನ್ನು ಮುಂದೂಡುತ್ತವೆ, ಅಪ್ರಧಾನ ಪಾತ್ರಗಳು ಒಂದೇ ಅಚ್ಚಿನಲ್ಲಿ ಎರಕವಾಗಿವೆ.

ಇನ್ನೂ ಗಂಭೀರವಾದ ಮಿತಿಯೆಂದರೆ ಲೋಕದ ವ್ಯಾಪ್ತಿ. ಈ ಕಾದಂಬರಿಗಳ ಜಗತ್ತು ಬಹುಮಟ್ಟಿಗೆ ಮೈಸೂರು ಸೀಮೆಯ ಮೇಲ್ಜಾತಿಯ, ವಿದ್ಯಾವಂತ ಮಧ್ಯಮ ವರ್ಗದ ಮನೆಗಳ ಜಗತ್ತು. ಆ ಮನೆಗಳಲ್ಲಿ ಕೆಲಸದವರಿದ್ದಾರೆ. ಅವರಿಗೂ ಮನಸ್ಸೆಂಬುದಿದೆ ಎಂಬುದು ಕಥನಕ್ಕೆ ಹೊಳೆಯುವುದು ಅಪರೂಪ. ಇಂದಿರೆಯ ತೋಟದಲ್ಲಿ ದುಡಿಯುವ ಹೆಂಗಸರಿಗೆ ಪ್ರಣಯದ ಪ್ರಶ್ನೆ ಹೇಗಿತ್ತು ಎಂದು ಕೇಳಿದರೆ ಕಾದಂಬರಿಯಲ್ಲಿ ಉತ್ತರವಿಲ್ಲ. ದಲಿತ, ಬಂಡಾಯ ಸಾಹಿತ್ಯದ ಆನಂತರ ಓದುವ ನಮಗೆ ಈ ಮೌನ ಕೇಳಿಸುತ್ತದೆ, ಕೇಳಿಸಬೇಕು. ಹಾಗೆಯೇ ಇಂದಿರೆಯ 'ಒಲ್ಲೆ'ಯ ಆಚೆಗೆ ಏನು ಎಂಬುದನ್ನೂ ತ್ರಿವೇಣಿ ಬರೆಯುವುದಿಲ್ಲ. ತಂಗಾಳಿಗೆ ಬಾಗಿಲು ತೆರೆದಿದ್ದಾರೆ. ಹೊಸ್ತಿಲು ದಾಟಿ ಆಕೆ ಎಲ್ಲಿಗೆ ಹೋದಳೆಂದು ತಿಳಿಯುವುದಿಲ್ಲ. ಆ ದಾರಿಯನ್ನು ಮುಂದಿನ ಲೇಖಕಿಯರು ತುಳಿಯಬೇಕಾಯಿತು.

೮

ಹೊರನಾಡಿನಲ್ಲಿ ಸಂಶೋಧನೆ ನಡೆಸುವವರಿಗೆ ಒಂದು ಎಚ್ಚರಿಕೆ, ಒಂದು ಸೂಚನೆ. ಇಂದು ತ್ರಿವೇಣಿ ಅನೇಕರಿಗೆ ಪರಿಚಿತರಾಗಿರುವುದು ಚಲನಚಿತ್ರಗಳ ಮೂಲಕ. ಪುಟ್ಟಣ್ಣ ಕಣಗಾಲ್ ಅವರ 'ಬೆಳ್ಳಿಮೋಡ' (೧೯೬೭) ಮತ್ತು 'ಶರಪಂಜರ' (೧೯೭೧), ಎಂ.ಆರ್. ವಿಠಲ್ ಅವರ 'ಹಣ್ಣೆಲೆ ಚಿಗುರಿದಾಗ' (೧೯೬೮), ಎನ್. ಲಕ್ಷ್ಮೀನಾರಾಯಣ್ ಅವರ 'ಮುಕ್ತಿ' (೧೯೭೦) ಇವುಗಳಲ್ಲಿ ನಟಿ ಕಲ್ಪನಾ ಅವರು ಈ ನಾಯಿಕೆಯರಿಗೆ ಕೊಟ್ಟ ರೂಪ ಎಷ್ಟು ಗಾಢವೆಂದರೆ ಕಾದಂಬರಿಯನ್ನು ಓದುವಾಗಲೂ ಆ ಮುಖವೇ ಎದುರಿಗೆ ಬರುತ್ತದೆ. 'ಹೂವು ಹಣ್ಣು' ಚಿತ್ರವಾದದ್ದು ೧೯೯೩ರಲ್ಲಿ, ಲೇಖಕಿ ತೀರಿಕೊಂಡು ಮೂವತ್ತು ವರ್ಷಗಳಾದ ಮೇಲೆ. ಚಿತ್ರ ಬೇರೆ, ಕೃತಿ ಬೇರೆ. ಚಿತ್ರದ ಸಂಭಾಷಣೆಯನ್ನು ಕಾದಂಬರಿಯ ಮಾತೆಂದು ಉಲ್ಲೇಖಿಸುವ ತಪ್ಪು ಪ್ರಬಂಧಗಳಲ್ಲಿಯೂ ನುಸುಳಿದೆ. ಮೂಲವನ್ನು ಎದುರಿಗಿಟ್ಟುಕೊಂಡೇ ಬರೆಯಬೇಕು.

ಸೂಚನೆಯೆಂದರೆ ಇದು. ತ್ರಿವೇಣಿಯವರ ಕೃತಿಯೊಂದು ಪರದೆಯ ಮೇಲೆ ಮೊದಲು ನುಡಿದದ್ದು ಕನ್ನಡದಲ್ಲಲ್ಲ. 'ಬೆಕ್ಕಿನ ಕಣ್ಣು' ೧೯೬೬ರಲ್ಲಿ 'ಪೂಚ್ಚಕ್ಕಣ್ಣಿ' ಎಂಬ ಹೆಸರಿನಲ್ಲಿ ಮಲಯಾಳ ಚಿತ್ರವಾಯಿತು, ನಿರ್ದೇಶಕರು ಪುಟ್ಟಣ್ಣನವರೇ. 'ಶರಪಂಜರ'ದ ಕಥೆ ೧೯೭೪ರಲ್ಲಿ 'ಕೃಷ್ಣವೇಣಿ'ಯಾಗಿ ತೆಲುಗಿಗೆ ಹೋಯಿತು. ಮೈಸೂರಿನ ಒಂದು ಮನೆಯಲ್ಲಿ ಕಟ್ಟಿದ ಕಾವೇರಿಯ ಕಥೆ ಕೃಷ್ಣೆಯ ದಡದಲ್ಲಿಯೂ ಅರ್ಥವಾಯಿತು ಎಂಬುದು ತೌಲನಿಕ ಅಧ್ಯಯನಕ್ಕೆ ಒಳ್ಳೆಯ ವಸ್ತು. ಚೆನ್ನೈ, ಹೈದರಾಬಾದುಗಳಲ್ಲಿ ಕುಳಿತ ಕನ್ನಡ ಸಂಶೋಧಕರು ಈ ಕೆಲಸವನ್ನು ನಾಡಿನೊಳಗಿನವರಿಗಿಂತ ಚೆನ್ನಾಗಿ ಮಾಡಬಲ್ಲರು. ನೆರೆಯ ಭಾಷೆ ಅವರ ಕಿವಿಯಲ್ಲಿದೆ. ಅದೇ ರೀತಿ ಹೊರನಾಡಿನ ಸಂಘಗಳ ಗ್ರಂಥಾಲಯಗಳಲ್ಲಿ ಹಳೆಯ ಎರವಲು ಪುಸ್ತಕಗಳು ಉಳಿದಿದ್ದರೆ ಅವನ್ನು ರದ್ದಿಗೆ ಹಾಕುವ ಮುನ್ನ ಯಾರಾದರೂ ನೋಡಬೇಕು. ಯಾರು, ಯಾವಾಗ, ಎಷ್ಟು ಸಲ ಯಾವ ಪುಸ್ತಕ ಒಯ್ದರು ಎಂಬುದು ಶಾಸನದಷ್ಟೇ ನಂಬಲರ್ಹವಾದ ಆಕರ. ನಮ್ಮ ವಾಚನದ ಚರಿತ್ರೆ ಅಲ್ಲಿದೆ.

ಕಳೆದ ವರ್ಷ ತರಗತಿಯಲ್ಲಿ 'ಕಾದಂಬರಿ'ಯ ಮಹಾಶ್ವೇತೆಯ ಪ್ರಸಂಗವನ್ನು ಪಾಠ ಮಾಡಿದಾಗ, ಹೊರನಾಡಿನಲ್ಲಿಯೇ ಹುಟ್ಟಿ ಬೆಳೆದ ವಿದ್ಯಾರ್ಥಿನಿಯೊಬ್ಬಳು, ಆಕೆ ಕಾಯದೆ ಎದ್ದು ಹೋಗಿದ್ದರೆ ಏನಾಗುತ್ತಿತ್ತು ಸರ್ ಎಂದು ಕೇಳಿದಳು. ಪ್ರಾಚೀನ ಕಾವ್ಯದಿಂದ ನನಗೆ ಕೂಡಲೇ ಉತ್ತರ ತೋಚಲಿಲ್ಲ. ಮಾರನೆಯ ದಿನ 'ಬೆಳ್ಳಿಮೋಡ'ವನ್ನು ತಂದು ಅವಳ ಕೈಗಿತ್ತೆ. ನಮ್ಮ ತಾಯಿಯವರು ಓದಿದ್ದನ್ನೇ ಮತ್ತೆ ಮತ್ತೆ ತರಿಸಿಕೊಳ್ಳುತ್ತಿದ್ದುದು ಏಕೆಂದು ನನಗೆ ಅರ್ಥವಾದದ್ದೂ ಆ ದಿನವೇ.